ಬಜೆಟ್ ಆದ ಮೇಲೆ ನಿಮ್ಮ ಆದಾಯ ತೆರಿಗೆ: ಹಳೆ ಪದ್ಧತಿಯೋ ಹೊಸದೋ? ಮಂಗಳೂರು–ಉಡುಪಿಯವರಿಗೆ ಸಮಗ್ರ ಮಾರ್ಗದರ್ಶಿ

ಮಾರ್ಚ್ ಬಂತೆಂದರೆ ಹಂಪನಕಟ್ಟೆಯ ಬ್ಯಾಂಕುಗಳಲ್ಲೂ ಉಡುಪಿಯ ಅಂಚೆ ಕಚೇರಿಯಲ್ಲೂ "ಟ್ಯಾಕ್ಸ್ ಉಳಿಸಲು ಏನಾದರೂ ಹಾಕಬೇಕಿತ್ತು" ಎಂದು ವಿಚಾರಿಸಿಕೊಂಡು ಬರುವವರು ಹೆಚ್ಚು. ಅವರಲ್ಲಿ ಹೊಸ ತೆರಿಗೆ ಪದ್ಧತಿಯಲ್ಲಿ (ದರ ಕಡಿಮೆ, ಆದರೆ ಹಳೆ ಪದ್ಧತಿಯ ಹೆಚ್ಚಿನ ಕಡಿತಗಳು ಇಲ್ಲ) ಇರುವವರಿಗೆ ಆ ವಿಮಾ ಪಾಲಿಸಿಯಿಂದಾಗಲಿ, ಐದು ವರ್ಷದ ಠೇವಣಿಯಿಂದಾಗಲಿ ಒಂದು ರೂಪಾಯಿ ತೆರಿಗೆಯೂ ಉಳಿಯುವುದಿಲ್ಲ. ಹಣ ಹಾಕಿದ ಮೇಲೆ ಲೆಕ್ಕ ಹಾಕುವುದರಿಂದ ಆಗುವ ನಷ್ಟ ಇದು. ಬಜೆಟ್ ಬಂದ ಕೂಡಲೇ ಮೊದಲು ಲೆಕ್ಕ, ಆಮೇಲೆ ಪದ್ಧತಿಯ ಆಯ್ಕೆ, ಕೊನೆಗೆ ಹೂಡಿಕೆ. ಈ ಬರಹವೂ ಅದೇ ಕ್ರಮದಲ್ಲಿದೆ.

ಹಂತ 1: ಯಾವ ಬಜೆಟ್ ಯಾವ ಆದಾಯಕ್ಕೆ?

ಹೆಚ್ಚಿನವರು ಎಡವುವುದು ಇಲ್ಲೇ. ಫೆಬ್ರವರಿ 1ರ ಬಜೆಟ್‌ನಲ್ಲಿ ಹೇಳಿದ ತೆರಿಗೆ ದರ ಸಾಮಾನ್ಯವಾಗಿ ಮುಂದಿನ ಏಪ್ರಿಲ್ 1ರಿಂದ ಬರುವ ಆದಾಯಕ್ಕೆ ಅನ್ವಯ. 2025ರ ಫೆಬ್ರವರಿ 1ರಂದು ಘೋಷಿಸಿದ ದರಗಳು 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನ ಆದಾಯಕ್ಕೆ ಬಂದವು. ಅದರ ರಿಟರ್ನ್ ಸಲ್ಲಿಸುವುದು 2026ರಲ್ಲಿ. "12 ಲಕ್ಷದವರೆಗೆ ತೆರಿಗೆ ಇಲ್ಲ" ಎಂಬ ಸುದ್ದಿ ಕೇಳಿ 2025ರ ಜುಲೈಯಲ್ಲೇ ಆ ಲೆಕ್ಕ ಹಿಡಿದವರು ಒಂದು ವರ್ಷ ಮುಂದೆ ಓಡಿದರು.

ಬಂಡವಾಳ ಲಾಭದ ವಿಷಯದಲ್ಲಿ ಈ ನಿಯಮ ಮುರಿಯುವುದೂ ಉಂಟು. 2024ರ ಜುಲೈ 23ರ ಬಜೆಟ್ ಷೇರು ಮತ್ತು ಜಾಗದ ಲಾಭದ ದರಗಳನ್ನು ಅದೇ ದಿನದಿಂದ ಬದಲಿಸಿತು. ಆದ್ದರಿಂದ ಮನೆ, ಜಾಗ ಅಥವಾ ಷೇರು ಮಾರುವ ಯೋಚನೆ ಇದ್ದವರು ಭಾಷಣದ ಸುದ್ದಿಯನ್ನಷ್ಟೇ ನೋಡದೆ ಹಣಕಾಸು ಮಸೂದೆಯಲ್ಲಿ "ಯಾವ ದಿನಾಂಕದಿಂದ ಜಾರಿ" ಎಂದಿದೆಯೋ ಆ ಸಾಲನ್ನು ಓದಬೇಕು. ಮಸೂದೆಯ ಜೊತೆಗೇ ಬರುವ ವಿವರಣಾ ಟಿಪ್ಪಣಿಯಲ್ಲಿ ಅದು ಸರಳವಾಗಿ ಇರುತ್ತದೆ.

2026ರ ಬಜೆಟ್ ಆದಾಯ ತೆರಿಗೆಯ ಹಂತಗಳನ್ನು ಮುಟ್ಟಲಿಲ್ಲ. ಆದರೆ 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗದಲ್ಲಿ 2025ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. ಅದರಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ. ಉಳಿತಾಯಕ್ಕೆ ಕಡಿತ ಕೊಡುವ, ಎಲ್ಲರ ಬಾಯಲ್ಲಿರುವ 80ಸಿ ಅಲ್ಲಿ 123. ಕೆಳಗಿನ ಸಂಖ್ಯೆಗಳೆಲ್ಲ ಹಳೆ ಕಾಯ್ದೆಯವು, ಏಕೆಂದರೆ 2025–26ರ ಆದಾಯದ ರಿಟರ್ನ್ ಅದರಂತೆಯೇ ಆಗುತ್ತದೆ.

ಹಂತ 2: ಕಾಗದಪತ್ರ ಕೂಡಿಸುವುದು

ಸಂಬಳದವರಿಗೆ ಫಾರ್ಮ್ 16 (ಕಚೇರಿ ಕೊಡುವ ಸಂಬಳ, ತೆರಿಗೆಯ ಪ್ರಮಾಣಪತ್ರ), ಎಲ್ಲರಿಗೂ 26ಎಎಸ್ (ನಿಮ್ಮ ಹೆಸರಿನಲ್ಲಿ ಕಟ್ಟಿದ ತೆರಿಗೆಯ ಪಟ್ಟಿ) ಮತ್ತು ಎಐಎಸ್ (ಇಲಾಖೆಗೆ ತಿಳಿದಿರುವ ನಿಮ್ಮ ಆದಾಯ, ವಹಿವಾಟಿನ ಪಟ್ಟಿ). ಕೊನೆಯ ಎರಡನ್ನು ಇಲಾಖೆಯ ಪೋರ್ಟಲ್‌ನಿಂದಲೇ ಇಳಿಸಿಕೊಳ್ಳಬಹುದು. ಇಷ್ಟಕ್ಕೆ ನಿಲ್ಲಿಸಬೇಡಿ. ನಮ್ಮ ಜಿಲ್ಲೆಗಳಲ್ಲಿ ಒಂದೇ ಮನೆಗೆ ನಾಲ್ಕೈದು ಬ್ಯಾಂಕುಗಳಲ್ಲಿ ಠೇವಣಿ ಇರುವುದು ಸಾಮಾನ್ಯ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ ಸೇರಿದವು. ಆ ಕಾಲದ ಖಾತೆಗಳು ಈಗ ಯಾವ ಬ್ಯಾಂಕಿನಲ್ಲಿವೆ, ಅವಕ್ಕೆ ನಿಮ್ಮ ಪ್ಯಾನ್ ಸರಿಯಾಗಿ ಜೋಡಣೆ ಆಗಿದೆಯೇ ಎಂದು ಒಮ್ಮೆ ನೋಡಿ, ಪ್ರತಿ ಬ್ಯಾಂಕಿನಿಂದಲೂ ಬಡ್ಡಿ ಪ್ರಮಾಣಪತ್ರ ತೆಗೆದುಕೊಳ್ಳಿ. ಪ್ಯಾನ್ ಇಲ್ಲದಿದ್ದರೆ ಬಡ್ಡಿಯ ಮೇಲೆ ಶೇ. 10ರ ಬದಲು ಶೇ. 20 ಟಿಡಿಎಸ್ (ಹಣ ಕೊಡುವವರೇ ಮೊದಲು ಹಿಡಿದು ಕಟ್ಟುವ ತೆರಿಗೆ) ಹೋಗುತ್ತದೆ.

ಎರಡು ವಿಷಯ ಗಟ್ಟಿಯಾಗಿ ನೆನಪಿರಲಿ. ಅವಧಿ ಮುಗಿದಾಗ ಒಟ್ಟಿಗೆ ಕೈಸೇರುವ ಠೇವಣಿಯಲ್ಲೂ ಬ್ಯಾಂಕ್ ವರ್ಷ ವರ್ಷವೂ ಬಡ್ಡಿ ಸೇರಿಸಿ ತೋರಿಸುತ್ತದೆ, ಎಐಎಸ್‌ನಲ್ಲೂ ಹಾಗೆಯೇ ಬರುತ್ತದೆ. ದುಡ್ಡು ಕೈಗೆ ಬಂದಿಲ್ಲ ಎಂದು ಬಿಟ್ಟರೆ ತಾಳೆಯಾಗದೆ ನೋಟಿಸ್ ಬರುತ್ತದೆ. ಎರಡನೆಯದು ಸೊಸೈಟಿ ಬಡ್ಡಿ. ಸಣ್ಣ ಸಹಕಾರಿ ಸಂಘಗಳು ಸದಸ್ಯರ ಬಡ್ಡಿಗೆ ಟಿಡಿಎಸ್ ಹಿಡಿಯುವುದಿಲ್ಲ. ಹಾಗೆಂದು ಅದು ತೆರಿಗೆಯಿಲ್ಲದ ಆದಾಯ ಅಲ್ಲ. ಬಡ್ಡಿಯ ಪೂರ್ತಿ ಮೊತ್ತ ರಿಟರ್ನಿನಲ್ಲಿ ಇರಬೇಕು.

ಹಂತ 3: ಹೊಸ ಪದ್ಧತಿಯ ಲೆಕ್ಕ

2025–26ರ ಹಂತಗಳು: 4 ಲಕ್ಷದವರೆಗೆ ಇಲ್ಲ; 4ರಿಂದ 8 ಲಕ್ಷಕ್ಕೆ ಶೇ. 5, 8ರಿಂದ 12ಕ್ಕೆ ಶೇ. 10, 12ರಿಂದ 16ಕ್ಕೆ ಶೇ. 15, 16ರಿಂದ 20ಕ್ಕೆ ಶೇ. 20, 20ರಿಂದ 24ಕ್ಕೆ ಶೇ. 25, ಅದರ ಮೇಲೆ ಶೇ. 30. ಬಂದ ತೆರಿಗೆಯ ಮೇಲೆ ಶೇ. 4 ಸೆಸ್. ಸಂಬಳ ಅಥವಾ ಪಿಂಚಣಿ ಇದ್ದವರಿಗೆ ಮೊದಲೇ 75,000 ರೂ. ಸ್ಟ್ಯಾಂಡರ್ಡ್ ಡಿಡಕ್ಷನ್ (ರಸೀದಿ ಇಲ್ಲದೆಯೇ ಸಿಗುವ ಕಡಿತ) ಕಳೆಯುತ್ತದೆ.

"12 ಲಕ್ಷದವರೆಗೆ ತೆರಿಗೆ ಇಲ್ಲ" ಎಂಬ ಮಾತನ್ನು ಬಿಡಿಸಿ ನೋಡಬೇಕು. 12 ಲಕ್ಷಕ್ಕೆ ತೆರಿಗೆ ಇದೆ, ಲೆಕ್ಕ ಹಾಕಿದರೆ 60,000 ರೂ. ಸೆಕ್ಷನ್ 87ಎ ಪ್ರಕಾರ ಆ 60,000 ರೂಪಾಯಿಯನ್ನು ರಿಬೇಟ್ ಆಗಿ ಮನ್ನಾ ಮಾಡುತ್ತಾರೆ, ಅಷ್ಟೆ. ಈ ಮನ್ನಾಕ್ಕೆ ಷರತ್ತುಗಳಿವೆ, ಸಿಕ್ಕಿಬೀಳುವುದು ಅಲ್ಲೇ:

- ಭಾರತದ ನಿವಾಸಿಯಾದ ವ್ಯಕ್ತಿಗೆ ಮಾತ್ರ. ಗಲ್ಫ್‌ನಲ್ಲಿರುವ ಅನಿವಾಸಿಗೆ ಇಲ್ಲ, ಅವಿಭಕ್ತ ಕುಟುಂಬದ ಪ್ಯಾನ್‌ಗೂ ಇಲ್ಲ.
- ಷೇರಿನ ಲಾಭದ ತೆರಿಗೆಗೆ ತಾಗುವುದಿಲ್ಲ. ಇತರ ಆದಾಯ 9 ಲಕ್ಷ, ಒಂದು ವರ್ಷದೊಳಗೆ ಮಾರಿದ ಷೇರಿನ ಲಾಭ 2 ಲಕ್ಷ ಎಂದಿಟ್ಟುಕೊಳ್ಳಿ. ಒಟ್ಟು 11 ಲಕ್ಷವೇ ಆದರೂ ಆ 2 ಲಕ್ಷಕ್ಕೆ ಶೇ. 20ರಂತೆ 40,000, ಸೆಸ್ ಸೇರಿ 41,600 ರೂ. ಕಟ್ಟಲೇಬೇಕು. ಒಂದು ವರ್ಷ ದಾಟಿದ ಷೇರಾದರೆ 1.25 ಲಕ್ಷ ಮೀರಿದ ಲಾಭಕ್ಕೆ ಶೇ. 12.5.
- 12 ಲಕ್ಷ ಸ್ವಲ್ಪ ದಾಟಿದರೆ ಹೆದರಬೇಕಿಲ್ಲ. ತೆರಿಗೆಗೆ ಒಳಪಡುವ ಆದಾಯ 12,10,000 ಆದಾಗ ಲೆಕ್ಕದ ತೆರಿಗೆ 61,500. ಆದರೆ ದಾಟಿದ 10,000 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ಸೆಸ್ ಸೇರಿ 10,400. ಈ ರಿಯಾಯಿತಿ ಸುಮಾರು 12.70 ಲಕ್ಷದವರೆಗೆ ಸಿಗುತ್ತದೆ.

ಹೊಸ ಪದ್ಧತಿಯಲ್ಲಿ ಉಳಿದಿರುವ ದೊಡ್ಡ ಕಡಿತ ಒಂದೇ: ಉದ್ಯೋಗದಾತರು ನಿಮ್ಮ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ಖಾತೆಗೆ ಹಾಕುವ ಹಣ, ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 14ರವರೆಗೆ. ಮೂಲ ವೇತನ 6 ಲಕ್ಷ ಇದ್ದರೆ 84,000 ರೂ.; ಶೇ. 15ರ ಹಂತದಲ್ಲಿರುವವರಿಗೆ ಸೆಸ್ ಸೇರಿ 13,104 ರೂ. ಉಳಿತಾಯ. ನೀವೇ ಕಟ್ಟುವ ಎನ್‌ಪಿಎಸ್‌ಗೆ ಈ ಸೌಲಭ್ಯ ಇಲ್ಲ. ಸಂಬಳದ ರಚನೆಯಲ್ಲೇ ಇದನ್ನು ಸೇರಿಸಲು ಏಪ್ರಿಲ್‌ನಲ್ಲೇ ಎಚ್‌ಆರ್ ವಿಭಾಗದವರಿಗೆ ಹೇಳಬೇಕು, ಫೆಬ್ರವರಿಯಲ್ಲಿ ಕೇಳಿದರೆ ಆಗುವುದಿಲ್ಲ.

ಬಾಡಿಗೆಗೆ ಕೊಟ್ಟ ಫ್ಲ್ಯಾಟಿನ ಸಾಲದ ಬಡ್ಡಿಯನ್ನೂ ಇಲ್ಲಿ ಕಳೆಯಬಹುದು, ಆದರೆ ಅದರಿಂದ ಬಂದ ನಷ್ಟವನ್ನು ಸಂಬಳದಿಂದ ಕಳೆಯುವಂತಿಲ್ಲ. ಬಾಡಿಗೆ 2.40 ಲಕ್ಷ, ಅದರಲ್ಲಿ ನಿರ್ವಹಣೆಗೆಂದು ಕಾಯ್ದೆ ಬಿಡುವ ಶೇ. 30 ತೆಗೆದರೆ 1.68 ಲಕ್ಷ, ಬಡ್ಡಿ 3 ಲಕ್ಷ: 1.32 ಲಕ್ಷದ ನಷ್ಟ ಸಂಬಳದ ತೆರಿಗೆಯನ್ನು ಇಳಿಸದು. ಹಳೆ ಪದ್ಧತಿಯಲ್ಲಾದರೆ 2 ಲಕ್ಷದವರೆಗೆ ಇಳಿಸುತ್ತದೆ.

ಹಂತ 4: ಹಳೆ ಪದ್ಧತಿಯ ಲೆಕ್ಕ

2.5 ಲಕ್ಷದವರೆಗೆ ಇಲ್ಲ, 5 ಲಕ್ಷದವರೆಗೆ ಶೇ. 5, 10 ಲಕ್ಷದವರೆಗೆ ಶೇ. 20, ಮೇಲೆ ಶೇ. 30. 60 ದಾಟಿದವರಿಗೆ ಮೊದಲ 3 ಲಕ್ಷ, 80 ದಾಟಿದವರಿಗೆ 5 ಲಕ್ಷ ಮುಕ್ತ. ಸ್ಟ್ಯಾಂಡರ್ಡ್ ಡಿಡಕ್ಷನ್ 50,000. ರಿಬೇಟ್ 5 ಲಕ್ಷದವರೆಗೆ ಮಾತ್ರ. ಈ ಹಂತಗಳನ್ನು ಇತ್ತೀಚಿನ ಬಜೆಟ್‌ಗಳು ಹಾಗೆಯೇ ಬಿಟ್ಟು, ಹೊಸ ಪದ್ಧತಿಯನ್ನೇ ಸಡಿಲಿಸುತ್ತ ಬಂದಿವೆ. ಹಾಗಾಗಿ ಮೂರು ವರ್ಷದ ಹಿಂದೆ ಹಳೆಯದು ಲಾಭ ಎಂದು ತೋರಿಸಿದ ಲೆಕ್ಕ ಈಗ ತಲೆಕೆಳಗಾಗಿರಬಹುದು.

ಕಡಿತಗಳನ್ನು ಒಂದೊಂದಾಗಿ ಬರೆಯಿರಿ, ಪ್ರತಿಯೊಂದಕ್ಕೂ ರಸೀದಿ ಕೈಯಲ್ಲಿ ಇದ್ದರೆ ಮಾತ್ರ.

80ಸಿ, ಗರಿಷ್ಠ 1.5 ಲಕ್ಷ: ಪಿಎಫ್, ಪಿಪಿಎಫ್, ಜೀವವಿಮೆ, ಗೃಹಸಾಲದ ಅಸಲು, ಇಬ್ಬರು ಮಕ್ಕಳ ಬೋಧನಾ ಶುಲ್ಕ. ಕಾಲೇಜಿನ ರಸೀದಿಯಲ್ಲಿ ಹಾಸ್ಟೆಲ್, ಮೆಸ್, ಅಭಿವೃದ್ಧಿ ನಿಧಿ ಎಲ್ಲ ಒಟ್ಟಾಗಿ ಇದ್ದರೆ ಬೋಧನಾ ಶುಲ್ಕ ಎಷ್ಟೆಂದು ಬೇರೆ ಬರೆಸಿಕೊಳ್ಳಿ, ಅಷ್ಟಕ್ಕೇ ಕಡಿತ. ಪಿಎಫ್ ಒಂದರಿಂದಲೇ ಹಲವರಿಗೆ ಈ 1.5 ಲಕ್ಷ ತುಂಬಿರುತ್ತದೆ. ಆ ಮೇಲೆ ಕೊಂಡ ಪಾಲಿಸಿಯಿಂದ ತೆರಿಗೆಯಲ್ಲಿ ಏನೂ ಇಳಿಯುವುದಿಲ್ಲ.

80ಡಿ: ಸ್ವಂತ ಕುಟುಂಬದ ಆರೋಗ್ಯ ವಿಮೆಗೆ 25,000, 60 ದಾಟಿದ ತಂದೆತಾಯಿಗೆ ಇನ್ನೂ 50,000. ಆಸ್ಪತ್ರೆಗಳು ಕೊಡುವ ರಿಯಾಯಿತಿ ಕಾರ್ಡು ಕರಾವಳಿಯ ಹೆಚ್ಚಿನ ಮನೆಗಳಲ್ಲಿದೆ. ಅದು ಬಿಲ್ಲಿನಲ್ಲಿ ರಿಯಾಯಿತಿ ಕೊಡುವ ಕಾರ್ಡು, ವಿಮೆ ಅಲ್ಲ. ಅದರ ಶುಲ್ಕಕ್ಕೆ 80ಡಿ ಕಡಿತ ಇಲ್ಲ.

80ಇ, ಶಿಕ್ಷಣ ಸಾಲದ ಬಡ್ಡಿ: ಇದಕ್ಕೆ ಮಿತಿಯೇ ಇಲ್ಲ, ಎಂಟು ವರ್ಷದವರೆಗೆ ಸಿಗುತ್ತದೆ. ಮೆಡಿಕಲ್ ಅಥವಾ ಎಂಜಿನಿಯರಿಂಗ್‌ಗೆ ದೊಡ್ಡ ಸಾಲ ಮಾಡಿದ ಮನೆಗಳಲ್ಲಿ ಈ ಒಂದು ಸಾಲೇ ಆಯ್ಕೆಯನ್ನು ತಿರುಗಿಸಬಲ್ಲದು. ಬ್ಯಾಂಕ್ ಅಥವಾ ಮಾನ್ಯತೆ ಪಡೆದ ಸಂಸ್ಥೆಯ ಸಾಲ ಆಗಿರಬೇಕು. ಸಂಬಂಧಿಕರಿಂದ ಪಡೆದದ್ದಕ್ಕೆ ಇಲ್ಲ.

ಮನೆ ಬಾಡಿಗೆ ಭತ್ಯೆ: ಮಂಗಳೂರು, ಉಡುಪಿ, ಮಣಿಪಾಲ ಎಲ್ಲವೂ ಶೇ. 40ರ ಗುಂಪಿನಲ್ಲಿ. ಮೂರು ಮೊತ್ತಗಳಲ್ಲಿ ಕಡಿಮೆಯದಕ್ಕೆ ವಿನಾಯಿತಿ: ಬಂದ ಭತ್ಯೆ, ಮೂಲ ವೇತನದ ಶೇ. 40, ಕೊಟ್ಟ ಬಾಡಿಗೆಯಿಂದ ಮೂಲ ವೇತನದ ಶೇ. 10 ಕಳೆದದ್ದು. ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಮಾಲೀಕರ ಪ್ಯಾನ್ ಬೇಕು. ಅಪ್ಪ ಅಮ್ಮನ ಮನೆಯಲ್ಲಿದ್ದು ಬಾಡಿಗೆ ಕೊಡುವುದೂ ಸರಿಯೇ, ಆದರೆ ಹಣ ಬ್ಯಾಂಕಿನ ಮೂಲಕ ನಿಜವಾಗಿ ಹೋಗಬೇಕು, ಅವರ ರಿಟರ್ನಿನಲ್ಲಿ ಅದು ಆದಾಯವಾಗಿ ಕಾಣಬೇಕು.

ಸ್ವಂತ ವಾಸದ ಮನೆಯ ಸಾಲದ ಬಡ್ಡಿ 2 ಲಕ್ಷದವರೆಗೆ. ಸ್ವತಃ ಕಟ್ಟುವ ಎನ್‌ಪಿಎಸ್‌ಗೆ ಹೆಚ್ಚುವರಿ 50,000. ವೃತ್ತಿ ತೆರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 2,500.

ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಬ್ರಹ್ಮಕಲಶಕ್ಕೆ ಕೊಟ್ಟ ದೇಣಿಗೆಯ ಬಗ್ಗೆ ಕೇಳುವವರು ಬಹಳ. ಆ ಸಂಸ್ಥೆಗೆ 80ಜಿ ಮಾನ್ಯತೆ ಇದ್ದು, ಅವರು ಫಾರ್ಮ್ 10ಬಿಇ (ದೇಣಿಗೆಯ ಪ್ರಮಾಣಪತ್ರ) ಕೊಟ್ಟರೆ ಮಾತ್ರ ಕಡಿತ. ನಗದಿನಲ್ಲಿ 2,000 ರೂ. ದಾಟಿದ ದೇಣಿಗೆಗೆ ಇಲ್ಲ. ಹರಕೆಯಾಟ, ನೇಮದ ಖರ್ಚು ಇದರಲ್ಲಿ ಬರುವುದಿಲ್ಲ.

ಹಂತ 5: ಎಷ್ಟು ಕಡಿತ ಇದ್ದರೆ ಹಳೆಯದು ಲಾಭ?

ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ಉಳಿದ ಎಲ್ಲ ಕಡಿತ, ವಿನಾಯಿತಿ ಕೂಡಿಸಿದ ಮೊತ್ತವನ್ನು ಇದರ ಜೊತೆ ಹೋಲಿಸಿ (60ರ ಒಳಗಿನ ಸಂಬಳದವರಿಗೆ):

- ಸಂಬಳ 12.75 ಲಕ್ಷ: ಹೊಸದರಲ್ಲಿ ತೆರಿಗೆ ಸೊನ್ನೆ. ಹಳೆಯದರಲ್ಲೂ ಸೊನ್ನೆ ಬರಲು 7.25 ಲಕ್ಷ ಕಡಿತ ಬೇಕು.
- 15 ಲಕ್ಷ: 5,43,750 ರೂ.
- 20 ಲಕ್ಷ: 7,08,333 ರೂ.
- 25 ಲಕ್ಷ, ಅಲ್ಲಿಂದ 50 ಲಕ್ಷದವರೆಗೆ: 8 ಲಕ್ಷ ರೂ.

ನಿಮ್ಮ ಮೊತ್ತ ಇದಕ್ಕಿಂತ ಹೆಚ್ಚಿದ್ದರೆ ಹಳೆಯದು, ಕಡಿಮೆ ಇದ್ದರೆ ಹೊಸದು.

ಒಂದು ಲೆಕ್ಕ ಪೂರ್ತಿ ನೋಡೋಣ. ಮಣಿಪಾಲದಲ್ಲಿ ಕೆಲಸ, ಸಂಬಳ 15 ಲಕ್ಷ, ಮೂಲ ವೇತನ 6 ಲಕ್ಷ, ಬಾಡಿಗೆ ಭತ್ಯೆ 2.4 ಲಕ್ಷ, ತಿಂಗಳ ಬಾಡಿಗೆ 15,000. ಬಾಡಿಗೆ ವಿನಾಯಿತಿ: 1.8 ಲಕ್ಷದಲ್ಲಿ 60,000 ಹೋಗಿ 1.2 ಲಕ್ಷ. 80ಸಿ 1.5 ಲಕ್ಷ, 80ಡಿ 75,000, ಎನ್‌ಪಿಎಸ್ 50,000, ವೃತ್ತಿ ತೆರಿಗೆ 2,500. ಒಟ್ಟು 3,97,500. ಇಷ್ಟೆಲ್ಲ ಉಳಿತಾಯ ಮಾಡಿದರೂ 5,43,750ಕ್ಕೆ ಮುಟ್ಟಲಿಲ್ಲ. ಹಳೆಯದರಲ್ಲಿ ತೆರಿಗೆ 1,33,380, ಹೊಸದರಲ್ಲಿ 97,500.

ಇದೇ ವ್ಯಕ್ತಿಗೆ ಕದ್ರಿಯಲ್ಲಿ ತಂದೆತಾಯಿ ವಾಸವಿರುವ ಸ್ವಂತ ಫ್ಲ್ಯಾಟ್ ಇದ್ದು, ಅದರ ಸಾಲಕ್ಕೆ ವರ್ಷಕ್ಕೆ 2 ಲಕ್ಷ ಬಡ್ಡಿ ಹೋಗುತ್ತಿದ್ದರೆ ಮೊತ್ತ 5,97,500 ಆಗುತ್ತದೆ. ಆಗ ಹಳೆಯದರ ತೆರಿಗೆ 86,320ಕ್ಕೆ ಇಳಿದು, ಅದೇ 11,180 ರೂ. ಅಗ್ಗ. ಗೃಹಸಾಲದ ಬಡ್ಡಿ ವರ್ಷ ವರ್ಷ ಇಳಿಯುತ್ತದೆ ಎಂಬುದನ್ನು ಮರೆಯಬಾರದು. ಈ ವರ್ಷ ಹಳೆಯದು ಲಾಭವಾದರೂ ಎರಡು ವರ್ಷ ಬಿಟ್ಟು ಆಗದಿರಬಹುದು. ಬಜೆಟ್ ಏನನ್ನೂ ಬದಲಿಸದ ವರ್ಷದಲ್ಲೂ ಲೆಕ್ಕ ಮತ್ತೆ ಹಾಕಬೇಕಾದದ್ದು ಇದಕ್ಕಾಗಿ. ಇಲಾಖೆಯ ಪೋರ್ಟಲ್‌ನಲ್ಲಿ ಎರಡನ್ನೂ ಪಕ್ಕಪಕ್ಕ ತೋರಿಸುವ ಕ್ಯಾಲ್ಕ್ಯುಲೇಟರ್ ಇದೆ. ಕೈಲೆಕ್ಕವನ್ನು ಅದರಲ್ಲಿ ತಾಳೆ ನೋಡಿ.

ನಿವೃತ್ತರಿಗೆ

ಬ್ಯಾಂಕ್ ಪಿಂಚಣಿ 5.4 ಲಕ್ಷ, ಎಫ್‌ಡಿ ಬಡ್ಡಿ 4.6 ಲಕ್ಷ ಇರುವ 68 ವರ್ಷದವರಿಗೆ ಹೊಸದರಲ್ಲಿ ತೆರಿಗೆಯ ಆದಾಯ 9.25 ಲಕ್ಷ, ತೆರಿಗೆ ಸೊನ್ನೆ. ಹಳೆಯದರಲ್ಲಿ ಬಡ್ಡಿಗೆ 50,000, ಆರೋಗ್ಯ ವಿಮೆಗೆ 50,000 ಕಳೆದರೂ 83,200 ರೂ. ಹೀಗಿದ್ದೂ "ಮೊದಲಿನಿಂದ ಹಾಗೇ ಮಾಡುತ್ತಿದ್ದೆವು" ಎಂದು ಹಳೆಯದರಲ್ಲೇ ಮುಂದುವರಿಯುವುದು ದುಡ್ಡು ಚೆಲ್ಲಿದಂತೆ.

2025ರ ಏಪ್ರಿಲ್‌ನಿಂದ ಹಿರಿಯರಿಗೆ ಒಂದು ಬ್ಯಾಂಕಿನ ಬಡ್ಡಿ ವರ್ಷಕ್ಕೆ 1 ಲಕ್ಷ ದಾಟಿದರೆ ಮಾತ್ರ ಟಿಡಿಎಸ್, ಉಳಿದವರಿಗೆ 50,000 ದಾಟಿದರೆ. ಹೋದ ಟಿಡಿಎಸ್ ಮರಳಬೇಕಾದರೆ ರಿಟರ್ನ್ ಹಾಕಲೇಬೇಕು. ತೆರಿಗೆ ಸೊನ್ನೆ ಎಂದರೆ ರಿಟರ್ನ್ ಬೇಡ ಎಂದು ಅರ್ಥವಲ್ಲ. ಹೊಸ ಪದ್ಧತಿಯಲ್ಲಿ ಆದಾಯ 4 ಲಕ್ಷ ದಾಟಿದವರು ಸಲ್ಲಿಸಬೇಕು.

ಗಂಡ ತೀರಿದ ಮೇಲೆ ಹೆಂಡತಿಗೆ ಬರುವ ಕುಟುಂಬ ಪಿಂಚಣಿಗೆ 75,000 ಕಡಿತ ಸಿಗದು. ಹೊಸ ಪದ್ಧತಿಯಲ್ಲಿ ಅದಕ್ಕೆ ಪಿಂಚಣಿಯ ಮೂರನೇ ಒಂದು ಭಾಗ ಅಥವಾ 25,000, ಇವುಗಳಲ್ಲಿ ಕಡಿಮೆಯದು. ಫಾರ್ಮ್ ತುಂಬುವಾಗ ಅದನ್ನು ಸಂಬಳದ ಸಾಲಿನಲ್ಲಿ ಹಾಕುವ ತಪ್ಪು ಬಹಳ ಕಡೆ ಆಗುತ್ತದೆ. ಅದು "ಇತರ ಮೂಲ"ದಲ್ಲಿ ಬರಬೇಕು.

ಅಡಿಕೆ ತೋಟ ಇರುವ ಸಂಬಳದಾರರಿಗೆ

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ ಅದು ನಿಮ್ಮ ಸಂಬಳದ ತೆರಿಗೆಯನ್ನು ಮೇಲಿನ ಹಂತಕ್ಕೆ ತಳ್ಳುತ್ತದೆ. ಕಡಿತ ಕಳೆದು ಸಂಬಳ 10 ಲಕ್ಷ, ಸ್ವಂತ ತೋಟದ ಚಾಲಿ ಅಡಿಕೆ ಮಾರಿ ಖರ್ಚು ಕಳೆದು 5 ಲಕ್ಷ ಎಂದಿಟ್ಟುಕೊಳ್ಳಿ. ಮೊದಲು 15 ಲಕ್ಷಕ್ಕೆ ತೆರಿಗೆ ಹಾಕಿ: 1,05,000. ಆಮೇಲೆ ಕೃಷಿಯ 5 ಲಕ್ಷಕ್ಕೆ ಮುಕ್ತ ಮಿತಿ 4 ಲಕ್ಷ ಕೂಡಿಸಿ 9 ಲಕ್ಷಕ್ಕೆ ಹಾಕಿ: 30,000. ವ್ಯತ್ಯಾಸ 75,000. ಅದರಲ್ಲಿ ರಿಬೇಟ್ 60,000 ಹೋಗಿ 15,000, ಸೆಸ್ ಸೇರಿ 15,600 ರೂ. ಕಟ್ಟಬೇಕು. ತೋಟವಿಲ್ಲದ ಸಹೋದ್ಯೋಗಿಗೆ ಅದೇ ಸಂಬಳಕ್ಕೆ ಸೊನ್ನೆ.

ಕೃಷಿ ಆದಾಯ 5,000 ರೂ. ದಾಟಿದರೆ ಐಟಿಆರ್–1 (ಸರಳ ರಿಟರ್ನ್ ಫಾರ್ಮ್) ಬಳಸುವಂತಿಲ್ಲ, ಐಟಿಆರ್–2 ಬೇಕು. ಆರ್‌ಟಿಸಿ, ಮಾರಾಟದ ಚೀಟಿ, ಗೊಬ್ಬರ ಮತ್ತು ಕೂಲಿಯ ಲೆಕ್ಕ ಇಟ್ಟುಕೊಳ್ಳಿ. ನೆರೆಯವರ ಅಡಿಕೆ ಕೊಂಡು ಮಾರಿದರೆ ಅದು ವ್ಯಾಪಾರ, ಕೃಷಿ ಅಲ್ಲ.

ಗಲ್ಫ್‌ನಲ್ಲಿ ಇರುವವರಿಗೆ

ಎನ್‌ಆರ್‌ಇ (ವಿದೇಶದ ದುಡಿಮೆ ಇಡುವ) ಖಾತೆಯ ಬಡ್ಡಿಗೆ ತೆರಿಗೆ ಇಲ್ಲ, ಎನ್‌ಆರ್‌ಒ (ಭಾರತದ ಆದಾಯ ಇಡುವ) ಖಾತೆಯ ಬಡ್ಡಿಗೆ ಇದೆ. ಮಂಗಳೂರಿನ ಫ್ಲ್ಯಾಟಿನ ಬಾಡಿಗೆ 6 ಲಕ್ಷದಲ್ಲಿ ಶೇ. 30 ಕಳೆದು 4.2 ಲಕ್ಷ, ಎನ್‌ಆರ್‌ಒ ಬಡ್ಡಿ 5 ಲಕ್ಷ, ಒಟ್ಟು 9.2 ಲಕ್ಷ. ನಿವಾಸಿಗಾದರೆ ಸೊನ್ನೆ. ಅನಿವಾಸಿಗೆ ರಿಬೇಟ್ ಇಲ್ಲದ ಕಾರಣ 33,280 ರೂ. ಬಾಡಿಗೆದಾರರು ಬಾಡಿಗೆಯಲ್ಲೇ ಸೆಸ್ ಸೇರಿ ಶೇ. 31.2 ಹಿಡಿದು ಕಟ್ಟಬೇಕಾದ್ದರಿಂದ ಹೆಚ್ಚು ಹೋದದ್ದನ್ನು ರಿಟರ್ನ್ ಹಾಕಿಯೇ ಮರಳಿ ಪಡೆಯಬೇಕು. ಊರಿಗೆ ಬಂದು ಉಳಿಯುವ ದಿನಗಳನ್ನು ಪಾಸ್‌ಪೋರ್ಟ್ ಮುದ್ರೆ ನೋಡಿ ಎಣಿಸಿ: 182 ದಿನ ಆದರೆ ನಿವಾಸಿ. ಭಾರತದ ಆದಾಯ 15 ಲಕ್ಷ ಮೀರಿದ್ದರೆ 120 ದಿನಕ್ಕೇ ಸ್ಥಾನ ಬದಲಾಗಬಹುದು. ಅಂಥವರು ಟಿಕೆಟ್ ಮಾಡುವ ಮೊದಲೇ ಆಡಿಟರ್ ಹತ್ತಿರ ಕೇಳುವುದು ಒಳ್ಳೆಯದು.

ಹಂತ 6: ಆಯ್ಕೆಯನ್ನು ದಾಖಲಿಸುವುದು

ಏನೂ ಹೇಳದಿದ್ದರೆ ನೀವು ಹೊಸ ಪದ್ಧತಿಯಲ್ಲಿ ಇದ್ದೀರಿ ಎಂದೇ ಲೆಕ್ಕ. ಹಳೆಯದು ಬೇಕಾದವರು ಏಪ್ರಿಲ್‌ನಲ್ಲಿ ಕಚೇರಿಗೆ ಬರೆದುಕೊಡಬೇಕು, ಇಲ್ಲವಾದರೆ ಸಂಬಳದಲ್ಲಿ ಹೊಸದರಂತೆ ಟಿಡಿಎಸ್ ಹೋಗುತ್ತದೆ. ವ್ಯಾಪಾರದ ಆದಾಯ ಇಲ್ಲದವರು ಕಚೇರಿಗೆ ಹೇಳಿದ್ದನ್ನು ರಿಟರ್ನ್ ಸಲ್ಲಿಸುವಾಗ ಬದಲಿಸಬಹುದು, ಪ್ರತಿ ವರ್ಷವೂ ಹೊಸದಾಗಿ ಆರಿಸಬಹುದು.

ವ್ಯಾಪಾರ, ವೃತ್ತಿಯವರಿಗೆ ಹಾಗಿಲ್ಲ. ಅಂಗಡಿಯವರು, ವೈದ್ಯರು, ವಿಮಾ ಏಜೆಂಟರು, ಮಲ್ಪೆಯಲ್ಲಿ ಬೋಟಿನ ಪಾಲುದಾರಿಕೆ ಸಂಸ್ಥೆಯಿಂದ ಸಂಭಾವನೆ ಪಡೆಯುವ ಪಾಲುದಾರರು ಎಲ್ಲರೂ ಇದರಲ್ಲಿ ಬರುತ್ತಾರೆ. ಅವರು ಹಳೆಯದಕ್ಕೆ ಹೋಗಲು ಗಡುವಿನೊಳಗೆ ಫಾರ್ಮ್ 10–ಐಇಎ ಸಲ್ಲಿಸಬೇಕು. ಒಮ್ಮೆ ಹಳೆಯದಕ್ಕೆ ಹೋಗಿ ಹೊಸದಕ್ಕೆ ಮರಳಿದರೆ, ವ್ಯಾಪಾರದ ಆದಾಯ ಇರುವವರೆಗೆ ಹಳೆಯದರ ಬಾಗಿಲು ಮುಚ್ಚಿತು. ಇವರು ಒಂದು ವರ್ಷದ ಲಾಭ ನೋಡಿ ನಿರ್ಧರಿಸದೆ ಮುಂದಿನ ನಾಲ್ಕೈದು ವರ್ಷದ ಸಾಲ, ವಿಮೆ, ಮಕ್ಕಳ ಓದು ಎಲ್ಲವನ್ನೂ ಬರೆದು ನೋಡಬೇಕು.

ಟಿಡಿಎಸ್ ಕಳೆದು 10,000 ರೂ. ಅಥವಾ ಹೆಚ್ಚು ತೆರಿಗೆ ಉಳಿಯುವವರು ಮುಂಗಡ ತೆರಿಗೆ ಕಟ್ಟಬೇಕು: ಜೂನ್ 15ರೊಳಗೆ ಶೇ. 15, ಸೆಪ್ಟೆಂಬರ್ 15ರೊಳಗೆ ಶೇ. 45, ಡಿಸೆಂಬರ್ 15ರೊಳಗೆ ಶೇ. 75, ಮಾರ್ಚ್ 15ರೊಳಗೆ ಪೂರ್ತಿ. ವ್ಯಾಪಾರ ಇಲ್ಲದ 60 ದಾಟಿದ ನಿವಾಸಿಗಳಿಗೆ ಇದು ಬೇಡ.

ಸಂಬಳದವರು, ಪಿಂಚಣಿದಾರರು ಜುಲೈ 31ರೊಳಗೆ ರಿಟರ್ನ್ ಸಲ್ಲಿಸಬೇಕು. ಆ ದಿನ ದಾಟಿದರೆ 5,000 ರೂ. ವರೆಗಿನ ದಂಡದ ಜೊತೆಗೆ ಹಳೆ ಪದ್ಧತಿಯ ಹಕ್ಕೂ ಹೋಗುತ್ತದೆ. ಹಳೆಯದರಲ್ಲಿ ಸಲ್ಲಿಸುವವರಿಂದ ಪಾಲಿಸಿ ಸಂಖ್ಯೆ, ಸಾಲದ ಖಾತೆ ಸಂಖ್ಯೆಯಂಥ ವಿವರಗಳನ್ನೂ ಫಾರ್ಮ್ ಕೇಳುವುದರಿಂದ ಜುಲೈ 30ರ ರಾತ್ರಿಗೆ ಇಟ್ಟುಕೊಳ್ಳಬೇಡಿ. ಸಲ್ಲಿಸಿದ ಮೇಲೆ 30 ದಿನದೊಳಗೆ ಆಧಾರ್ ಒಟಿಪಿ ಹಾಕಿ ದೃಢೀಕರಿಸಿ. 30 ದಿನ ಮೀರಿದರೆ ದೃಢೀಕರಿಸಿದ ದಿನವೇ ಸಲ್ಲಿಸಿದ ದಿನ ಎಂದಾಗುತ್ತದೆ. ಜುಲೈಯಲ್ಲೇ ಹಾಕಿದ ರಿಟರ್ನ್ ಕೂಡ ತಡವಾದದ್ದರ ಲೆಕ್ಕಕ್ಕೆ ಸೇರಿ, ಹಳೆ ಪದ್ಧತಿಯಲ್ಲಿ ಕೇಳಿದ ಕಡಿತಗಳು ಕೈತಪ್ಪುತ್ತವೆ.